ಮೈಸೂರಿನ ಲ್ಯಾಪ್‌ಟಾಪ್, ಊರಿನ ಕಂಪ್ಯೂಟರ್, ಕೈಯಲ್ಲಿರುವ ಫೋನ್: ಸಿಂಕ್‌ಥಿಂಗ್‌ನಿಂದ ಕಡತಗಳನ್ನು ಒಂದಾಗಿಡುವ ಬಗೆ

ಮೈಸೂರಿನ ಸರಸ್ವತೀಪುರಂನಲ್ಲಿ ವಾಸವಾಗಿದ್ದು, ಪಾಂಡವಪುರ ತಾಲ್ಲೂಕಿನ ಹಳ್ಳಿಯಲ್ಲಿ ಹಿರಿಯರ ಮನೆಯನ್ನೂ ಗದ್ದೆಯನ್ನೂ ಉಳಿಸಿಕೊಂಡಿರುವ ಕುಟುಂಬವೊಂದನ್ನು ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಪಹಣಿ, ಕ್ರಯಪತ್ರ, ಕಬ್ಬಿನ ಬಿಲ್ಲು ಇವುಗಳ ಸ್ಕ್ಯಾನ್ ಪ್ರತಿಗಳು ಊರಿನ ಕಂಪ್ಯೂಟರಿನಲ್ಲಿವೆ. ಫೋಟೊಗಳು ಎರಡು ಫೋನ್‌ಗಳಲ್ಲಿ ಹಂಚಿಹೋಗಿವೆ. ಕಚೇರಿಯ ಮತ್ತು ಬರವಣಿಗೆಯ ಕಡತಗಳು ಮೈಸೂರಿನ ಲ್ಯಾಪ್‌ಟಾಪಿನಲ್ಲಿವೆ. ಬೇಕಾದಾಗ ವಾಟ್ಸ್ಆ್ಯಪಿನಲ್ಲಿ ಕಳಿಸಿಕೊಂಡು, ಪೆನ್‌ಡ್ರೈವ್‌ನಲ್ಲಿ ಒಯ್ದು, ಕೊನೆಗೆ ಒಂದೇ ಕ್ರಯಪತ್ರದ ನಾಲ್ಕು ಪ್ರತಿಗಳು ನಾಲ್ಕು ಹೆಸರಿನಲ್ಲಿ ಉಳಿಯುತ್ತವೆ. ಅವುಗಳಲ್ಲಿ ಯಾವುದು ಪೂರ್ಣವಾದುದು ಎಂಬುದು ಯಾರಿಗೂ ತಿಳಿದಿರುವುದಿಲ್ಲ. ಇದಕ್ಕೆ ಗೂಗಲ್ ಡ್ರೈವ್‌ನಂತಹ ಕ್ಲೌಡ್ ಸೇವೆ ಒಂದು ಪರಿಹಾರ. ಆದರೆ ಅಲ್ಲಿ ಉಚಿತ ಜಾಗ ಬೇಗ ತುಂಬುತ್ತದೆ, ಪಕ್ಕದ ಕೋಣೆಯ ಕಂಪ್ಯೂಟರಿಗೆ ಹೋಗಬೇಕಾದ ಕಡತವೂ ಎಲ್ಲೋ ದೂರದ ಸರ್ವರ್‌ಗೆ ಹೋಗಿ ಬರಬೇಕಾಗುತ್ತದೆ, ಮತ್ತು ಆಸ್ತಿಯ ಕಾಗದಗಳನ್ನು ಬೇರೆಯವರ ಯಂತ್ರದಲ್ಲಿ ಇಡಲು ಎಲ್ಲರಿಗೂ ಮನಸ್ಸಾಗುವುದಿಲ್ಲ.

ನಮ್ಮವೇ ಸಾಧನಗಳು ನಡುವೆ ಯಾವ ಸಂಗ್ರಾಹಕನೂ ಇಲ್ಲದೆ ನೇರವಾಗಿ ಮಾತನಾಡಿಕೊಂಡು ಕಡತಗಳನ್ನು ಸಮನಾಗಿ ಇಟ್ಟುಕೊಳ್ಳುವಂತೆ ಮಾಡುವ ತಂತ್ರಾಂಶಗಳಲ್ಲಿ ಸಿಂಕ್‌ಥಿಂಗ್ ನಾನು ಮೊದಲು ಸೂಚಿಸುವಂಥದ್ದು. ಇದು ಮುಕ್ತ ತಂತ್ರಾಂಶ, ಉಚಿತ. 2013ರ ಕೊನೆಯಲ್ಲಿ ಮೊದಲ ಬಿಡುಗಡೆ ಕಂಡು, 2019ರ ಜನವರಿಯಲ್ಲಿ 1.0 ಆವೃತ್ತಿಯನ್ನೂ, 2025ರ ಆಗಸ್ಟ್‌ನಲ್ಲಿ 2.0 ಆವೃತ್ತಿಯನ್ನೂ ತಲುಪಿದೆ. ರೆಸಿಲಿಯೊ ಸಿಂಕ್ ಇದೇ ಬಗೆಯದಾದರೂ ಅದರ ಮೂಲ ಸಂಕೇತ ಮುಕ್ತವಲ್ಲ. ನೆಕ್ಸ್ಟ್‌ಕ್ಲೌಡ್ ಮುಕ್ತವಾದರೂ ಅದಕ್ಕೊಂದು ಸರ್ವರ್ ಬೇಕು, ಆ ಸರ್ವರನ್ನು ನೋಡಿಕೊಳ್ಳುವವರೂ ಬೇಕು.

ಸಿಂಕ್‌ಥಿಂಗ್ ಅನುಸ್ಥಾಪಿಸುವುದು ಕಷ್ಟವಲ್ಲ. ಯಾವ ಫೋಲ್ಡರ್ ಯಾವ ಸಾಧನದಿಂದ ಯಾವ ಸಾಧನಕ್ಕೆ ಹೋಗಬೇಕು, ಅಳಿಸಿದ್ದು ಎಲ್ಲಿ ಉಳಿಯಬೇಕು ಎಂಬುದನ್ನು ಮೊದಲೇ ತೀರ್ಮಾನಿಸದೆ ಕೈಹಾಕುವುದರಿಂದ ತೊಂದರೆಗಳು ಹುಟ್ಟುತ್ತವೆ. ಆದ್ದರಿಂದ ಈ ಲೇಖನದಲ್ಲಿ ಗುಂಡಿಗಳನ್ನು ಒತ್ತುವುದಕ್ಕಿಂತ ಹೆಚ್ಚು ಜಾಗ ಆ ತೀರ್ಮಾನಗಳಿಗೆ ಸಲ್ಲುತ್ತದೆ.

ಮೊದಲು ಕಾಗದದ ಮೇಲೆ

ಒಂದು ಹಾಳೆಯಲ್ಲಿ ಸಾಧನಗಳನ್ನೂ ಫೋಲ್ಡರ್‌ಗಳನ್ನೂ ಬರೆದುಕೊಳ್ಳಿ. ಪ್ರತಿ ಫೋಲ್ಡರ್‌ಗೂ ಪ್ರತಿ ಸಾಧನದಲ್ಲಿ ಮೂರರಲ್ಲಿ ಒಂದು ಪಾತ್ರವನ್ನು ನಿಗದಿಪಡಿಸಬೇಕು. 'ಸೆಂಡ್ ಅಂಡ್ ರಿಸೀವ್' ಎಂದರೆ ಇಲ್ಲಿಯ ಬದಲಾವಣೆ ಅಲ್ಲಿಗೂ ಅಲ್ಲಿಯದು ಇಲ್ಲಿಗೂ ಬರುತ್ತದೆ. 'ಸೆಂಡ್ ಓನ್ಲಿ' ಎಂದರೆ ವಿಶ್ವೇಶ್ವರಯ್ಯ ನಾಲೆಯ ನೀರಿನಂತೆ ಇಲ್ಲಿಂದ ಕೆಳಕ್ಕೆ ಹರಿಯುತ್ತದೆಯೇ ಹೊರತು ಮೇಲಕ್ಕೆ ಏರುವುದಿಲ್ಲ. 'ರಿಸೀವ್ ಓನ್ಲಿ' ಎಂದರೆ ಈ ಸಾಧನ ಪಡೆಯುತ್ತದೆ. ಇಲ್ಲಿ ಯಾರಾದರೂ ಏನನ್ನಾದರೂ ಬದಲಿಸಿದರೂ ಅದು ಹೊರಗೆ ಹೋಗುವುದಿಲ್ಲ.

ನಮ್ಮ ಉದಾಹರಣೆಯ ಕುಟುಂಬಕ್ಕೆ ಹೀಗೆ ಹೊಂದಿಸಬಹುದು. ಆಸ್ತಿಯ ಕಾಗದಗಳ ಫೋಲ್ಡರ್ ಊರಿನ ಕಂಪ್ಯೂಟರಿನಲ್ಲೂ ಮೈಸೂರಿನ ಲ್ಯಾಪ್‌ಟಾಪಿನಲ್ಲೂ ಎರಡೂ ಕಡೆಗೆ ಹರಿಯಲಿ. ಫೋನ್‌ನ ಕ್ಯಾಮೆರಾ ಫೋಲ್ಡರ್ ಫೋನ್‌ನಲ್ಲಿ 'ಸೆಂಡ್ ಓನ್ಲಿ' ಆಗಿರಲಿ. ಇವೆರಡನ್ನೂ ಸದಾ ಓಡುತ್ತಿರುವ ಮೂರನೆಯ ಯಂತ್ರವೊಂದು 'ರಿಸೀವ್ ಓನ್ಲಿ' ಆಗಿ ಪಡೆಯಲಿ. ಈ ಮೂರನೆಯ ಯಂತ್ರ ಐಚ್ಛಿಕವೆಂದು ಹಲವರು ಭಾವಿಸುತ್ತಾರೆ. ವಾಸ್ತವದಲ್ಲಿ ಇಡೀ ಏರ್ಪಾಟು ನಿಂತಿರುವುದು ಅದರ ಮೇಲೆ. ನೇರ ಸಂಪರ್ಕದ ಸಿಂಕ್‌ನಲ್ಲಿ ಎರಡು ಸಾಧನಗಳು ಒಂದೇ ಹೊತ್ತಿನಲ್ಲಿ ಚಾಲೂ ಇದ್ದರೆ ಮಾತ್ರ ಕಡತ ಹೋಗುತ್ತದೆ. ಊರಿನಲ್ಲಿ ಬೆಳಿಗ್ಗೆ ಕಂಪ್ಯೂಟರ್ ಹಾಕಿ ಆರಿಸುತ್ತಾರೆ, ಮೈಸೂರಿನಲ್ಲಿ ರಾತ್ರಿ ಲ್ಯಾಪ್‌ಟಾಪ್ ತೆರೆಯುತ್ತಾರೆ ಎಂದಾದರೆ ಎರಡೂ ವಾರಗಟ್ಟಲೆ ಭೇಟಿಯಾಗದಿರಬಹುದು. ನಡುವಿನ ಯಂತ್ರ ಬೆಳಿಗ್ಗೆ ಪಡೆದದ್ದನ್ನು ರಾತ್ರಿ ದಾಟಿಸುತ್ತದೆ. 'ರಿಸೀವ್ ಓನ್ಲಿ' ಆಗಿದ್ದರೂ ತಾನು ಪಡೆದ ಕಡತಗಳನ್ನು ಇತರರಿಗೆ ಕೊಡಲು ಅದಕ್ಕೆ ಅಡ್ಡಿಯಿಲ್ಲ.

ಸದಾ ಓಡುವ ಯಂತ್ರ ಯಾವುದಿರಬೇಕು?

ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರನ್ನು ಇದಕ್ಕಾಗಿ ಹೆಚ್ಚಿನವರು ಸೂಚಿಸುತ್ತಾರೆ, ಅದು ತಪ್ಪಲ್ಲ. ಆದರೆ ಕರೆಂಟ್ ಹೋಗಿ ಬರುವ ಕಡೆ ನನ್ನ ಆಯ್ಕೆ ಹಳೆಯ ಲ್ಯಾಪ್‌ಟಾಪ್. ಅದರ ಬ್ಯಾಟರಿ ಅರ್ಧ ಗಂಟೆ ತಡೆದುಕೊಂಡರೂ ಸಾಕು, ಬೇರೆ ಯುಪಿಎಸ್ ಬೇಡ. ಹಾರ್ಡ್‌ಡಿಸ್ಕ್ ಒಳಗೇ ಇರುವುದರಿಂದ ಹೊರಗಿನ ಡಿಸ್ಕಿನ ಕೇಬಲ್ ಸಡಿಲವಾಗುವ ರಗಳೆಯೂ ಇಲ್ಲ. ಇನ್ನೊಂದು ಸಣ್ಣ ಕಾರಣವೂ ಇದೆ: ಪೈ 4 ಮತ್ತು ಅದಕ್ಕಿಂತ ಹಿಂದಿನ ಮಾದರಿಗಳಲ್ಲಿ ಸಮಯವನ್ನು ನೆನಪಿಡುವ ಗಡಿಯಾರದ ಚಿಪ್ ಇಲ್ಲ; ಕರೆಂಟ್ ಬಂದ ಮೇಲೆ ಇಂಟರ್ನೆಟ್ ಸಿಗುವವರೆಗೂ ಅವು ಹಳೆಯ ಸಮಯವನ್ನೇ ಹಿಡಿದುಕೊಂಡಿರುತ್ತವೆ. ಎರಡು ಪ್ರತಿಗಳ ನಡುವೆ ತಕರಾರು ಬಂದಾಗ ಯಾವುದು ಹೊಸದೆಂದು ಸಿಂಕ್‌ಥಿಂಗ್ ತೀರ್ಮಾನಿಸುವುದು ಕಡತದ ಸಮಯ ನೋಡಿಯೇ ಆದ್ದರಿಂದ, ಎಲ್ಲ ಸಾಧನಗಳ ಗಡಿಯಾರ ಸರಿಯಾಗಿರುವುದು ಅಗತ್ಯ.

ವಿದ್ಯುತ್ ಬಿಲ್ಲಿನ ಚಿಂತೆಗೆ ಲೆಕ್ಕ ಸುಲಭ. ಪರದೆ ಆರಿಸಿಟ್ಟ, 10 ವ್ಯಾಟ್ ಸೆಳೆಯುವ ಯಂತ್ರ ಮೂವತ್ತು ದಿನ ನಿರಂತರವಾಗಿ ಓಡಿದರೆ 7.2 ಯೂನಿಟ್ ಆಗುತ್ತದೆ. ಹಳೆಯ ಲ್ಯಾಪ್‌ಟಾಪಿಗೆ ಲಿನಕ್ಸ್ ಬಗೆಗಳಾದ ಡೆಬಿಯನ್ ಅಥವಾ ಉಬುಂಟು ಹಾಕಿ, ಮುಚ್ಚಳ ಮುಚ್ಚಿದರೂ ನಿದ್ರೆಗೆ ಹೋಗದಂತೆ ಸೆಟ್ಟಿಂಗ್ ಬದಲಿಸಿ, ಬೀರುವಿನೊಳಗೆ ಬಚ್ಚಿಡದೆ ಗಾಳಿಯಾಡುವ ಕಡೆ ರೂಟರ್ ಪಕ್ಕದಲ್ಲಿ ಇಡಿ. ರೂಟರಿಗೂ ಬ್ಯಾಟರಿ ಬ್ಯಾಕಪ್ ಇದ್ದರೆ ಒಳ್ಳೆಯದು.

ಅನುಸ್ಥಾಪನೆ

ಲಿನಕ್ಸ್‌ನಲ್ಲಿ ತಂತ್ರಾಂಶಗಳನ್ನು ತರಿಸಿ ಹಾಕುವ ಆಪ್ಟ್ ಎಂಬ ಆಜ್ಞೆಯ ಮೂಲಕ ಸಿಂಕ್‌ಥಿಂಗ್ ಪ್ಯಾಕೇಜನ್ನು ಹಾಕಬಹುದು. ಡೆಬಿಯನ್ ಭಂಡಾರದಲ್ಲಿರುವ ಆವೃತ್ತಿ ಹಳೆಯದಾಗಿರುವುದುಂಟು. ಆದ್ದರಿಂದ ಯೋಜನೆಯವರೇ ನಡೆಸುವ ಆಪ್ಟ್ ಭಂಡಾರವನ್ನು ಸೇರಿಸಿಕೊಂಡು ಅಲ್ಲಿಂದ ಪಡೆಯುವುದು ಲೇಸು. ನಂತರ, ಯಾರೂ ಲಾಗಿನ್ ಆಗದಿದ್ದರೂ ಯಂತ್ರ ಹೊತ್ತಿದೊಡನೆ ಅದು ತಾನಾಗಿ ಓಡುವಂತೆ, ಹಿನ್ನೆಲೆಯ ಸೇವೆಗಳನ್ನು ನೋಡಿಕೊಳ್ಳುವ ಸಿಸ್ಟಮ್‌ಡಿಯಲ್ಲಿ ನಿಮ್ಮ ಬಳಕೆದಾರ ಹೆಸರಿನೊಂದಿಗೆ ಸಿಂಕ್‌ಥಿಂಗ್ ಸೇವೆಯನ್ನು ಸಕ್ರಿಯಗೊಳಿಸಿ. ಎಲ್ಲ ಅಧಿಕಾರವಿರುವ ರೂಟ್ ಬಳಕೆದಾರನಾಗಿ ಅದನ್ನು ಓಡಿಸಬೇಡಿ. ವಿಂಡೋಸ್‌ನಲ್ಲಿ ಸಿಂಕ್‌ಥಿಂಗ್‌ನ ಅಧಿಕೃತ ಜಾಲತಾಣದಿಂದಲೇ ಹೊರಟು, ಅಲ್ಲಿ ಸೂಚಿಸಿರುವ ಅನುಸ್ಥಾಪಕವನ್ನು ಬಳಸಿ. ಫೈರ್‌ವಾಲ್ ಅನುಮತಿ ಕೇಳಿದಾಗ ಮನೆಯ ಜಾಲಕ್ಕೆ ಒಪ್ಪಿಗೆ ಕೊಡಿ.

ಆ್ಯಂಡ್ರಾಯ್ಡ್‌ನ ವಿಷಯದಲ್ಲಿ ಎಚ್ಚರ ಬೇಕು. ಅಧಿಕೃತ ಆ್ಯಂಡ್ರಾಯ್ಡ್ ಆ್ಯಪ್‌ನ ಅಭಿವೃದ್ಧಿ 2024ರ ಡಿಸೆಂಬರ್‌ನಲ್ಲಿ ನಿಂತಿತು. ಅದರಿಂದ ಕವಲೊಡೆದ ಸಿಂಕ್‌ಥಿಂಗ್-ಫೋರ್ಕ್ ಎಂಬುದು ಮುಕ್ತ ಆ್ಯಪ್‌ಗಳ ಎಫ್-ಡ್ರಾಯ್ಡ್ ಭಂಡಾರದಲ್ಲಿ ದೊರೆಯುತ್ತದೆ. ಹಾಕಿದ ಮೇಲೆ ಫೋನ್‌ನ ಸೆಟ್ಟಿಂಗ್‌ಗಳಲ್ಲಿ ಈ ಆ್ಯಪ್‌ಗೆ ಬ್ಯಾಟರಿ ಉಳಿತಾಯದ ನಿರ್ಬಂಧವನ್ನು ತೆಗೆಯಬೇಕು. ಕೆಲವು ತಯಾರಕರ ಫೋನ್‌ಗಳಲ್ಲಿ 'ಆಟೋಸ್ಟಾರ್ಟ್' ಎಂಬ ಇನ್ನೊಂದು ಅನುಮತಿಯೂ ಬೇರೆ ಕಡೆ ಅಡಗಿರುತ್ತದೆ. ಆ್ಯಪ್‌ನೊಳಗೆ 'ವೈಫೈ ಇದ್ದಾಗ ಮಾತ್ರ' ಓಡುವಂತೆ ಹೊಂದಿಸಿದರೆ ಮೊಬೈಲ್ ಡೇಟಾ ಉಳಿಯುತ್ತದೆ. ಎಸ್‌ಡಿ ಕಾರ್ಡ್‌ನಲ್ಲಿರುವ ಫೋಲ್ಡರ್‌ಗಳಿಗೆ ಬರೆಯಲು ಆ್ಯಂಡ್ರಾಯ್ಡ್ ಸಾಮಾನ್ಯವಾಗಿ ಬಿಡುವುದಿಲ್ಲವಾದ್ದರಿಂದ ಅವು 'ಸೆಂಡ್ ಓನ್ಲಿ' ಆಗಿಯೇ ಇರಬೇಕಾಗುತ್ತದೆ. ಐಫೋನ್ ಬಳಸುವವರಿಗೆ ಮೋಬಿಯಸ್ ಸಿಂಕ್ ಎಂಬ ಆ್ಯಪ್ ಇದೆ. ಆದರೆ ಹಿನ್ನೆಲೆಯಲ್ಲಿ ಸದಾ ಓಡಲು ಐಒಎಸ್ ಬಿಡದ ಕಾರಣ ಆಗಾಗ ಆ್ಯಪ್ ತೆರೆಯಬೇಕಾಗುತ್ತದೆ.

ಕಂಪ್ಯೂಟರಿನಲ್ಲಿ ಸಿಂಕ್‌ಥಿಂಗ್ ಓಡತೊಡಗಿದ ಮೇಲೆ ಬ್ರೌಸರ್‌ನಲ್ಲಿ 127.0.0.1:8384 ಎಂಬ ವಿಳಾಸ ಟೈಪಿಸಿದರೆ ನಿಯಂತ್ರಣ ಪುಟ ತೆರೆದುಕೊಳ್ಳುತ್ತದೆ. ಮೊದಲ ಕೆಲಸವಾಗಿ ಸೆಟ್ಟಿಂಗ್ಸ್‌ನ 'ಜಿಯುಐ' ಭಾಗಕ್ಕೆ ಹೋಗಿ ಬಳಕೆದಾರ ಹೆಸರು ಮತ್ತು ಪಾಸ್‌ವರ್ಡ್ ಇಡಿ. ಮೂಲ ಸ್ಥಿತಿಯಲ್ಲಿ ಈ ಪುಟ ಆ ಯಂತ್ರದೊಳಗಿನಿಂದ ಮಾತ್ರ ತೆರೆಯುತ್ತದೆ. ಪರದೆ ಮುಚ್ಚಿಟ್ಟ ಲ್ಯಾಪ್‌ಟಾಪಿನ ಪುಟವನ್ನು ಬೇರೆ ಕಡೆಯಿಂದ ನೋಡಬೇಕಾದರೆ ಗೂಢಲಿಪಿಯಲ್ಲಿ ಸಾಗುವ ಎಸ್‌ಎಸ್‌ಎಚ್ ಸುರಂಗ ಬಳಸುವುದು ಸುರಕ್ಷಿತ. ರೂಟರ್‌ನಲ್ಲಿ 8384 ಪೋರ್ಟನ್ನು, ಅಂದರೆ ಆ ಸಂಖ್ಯೆಯ ಸಂಪರ್ಕದ್ವಾರವನ್ನು, ಹೊರಜಗತ್ತಿಗೆ ತೆರೆಯುವುದನ್ನು ಎಂದೂ ಮಾಡಬೇಡಿ.

ಸಾಧನಗಳ ಪರಿಚಯ

ಪ್ರತಿ ಸಾಧನಕ್ಕೂ ಏಳೇಳು ಅಕ್ಷರಗಳ ಎಂಟು ಗುಂಪುಗಳ ಗುರುತೊಂದು ಇರುತ್ತದೆ. ಅದು ಆ ಸಾಧನವೇ ಮೊದಲ ಬಾರಿ ಓಡಿದಾಗ ಸೃಷ್ಟಿಸಿಕೊಂಡ ಪ್ರಮಾಣಪತ್ರದಿಂದ ಲೆಕ್ಕಹಾಕಿದ್ದು. ಒಂದು ಯಂತ್ರದ 'ಆಕ್ಷನ್ಸ್' ಪಟ್ಟಿಯಲ್ಲಿ 'ಶೋ ಐಡಿ' ಒತ್ತಿದರೆ ಗುರುತೂ ಕ್ಯುಆರ್ ಕೋಡ್ ಕೂಡ ಕಾಣುತ್ತವೆ. ಇನ್ನೊಂದರಲ್ಲಿ 'ಆಡ್ ರಿಮೋಟ್ ಡಿವೈಸ್' ಒತ್ತಿ ಅದನ್ನು ಸೇರಿಸಿ. ಫೋನ್‌ನಲ್ಲಾದರೆ ಕ್ಯುಆರ್ ಕೋಡ್ ಹಿಡಿದರೆ ಸಾಕು. ಬಳಿಕ ಮೊದಲ ಯಂತ್ರದಲ್ಲಿ ಒಪ್ಪಿಗೆ ಕೇಳುವ ಸಂದೇಶ ಬರುತ್ತದೆ. ಎರಡೂ ಕಡೆ ಒಪ್ಪದೆ ಸಂಪರ್ಕವಾಗುವುದಿಲ್ಲ, ಆದ್ದರಿಂದ ಗುರುತು ಬೇರೆಯವರ ಕಣ್ಣಿಗೆ ಬಿದ್ದರೂ ಕಡತಗಳಿಗೆ ಅಪಾಯವಿಲ್ಲ. ಸಾಧನಗಳಿಗೆ 'ಮೈಸೂರು-ಲ್ಯಾಪ್‌ಟಾಪ್', 'ಊರು-ಕಂಪ್ಯೂಟರ್' ಎಂದು ಸ್ಪಷ್ಟ ಹೆಸರಿಡಿ.

ನಂತರ 'ಆಡ್ ಫೋಲ್ಡರ್' ಮೂಲಕ ಫೋಲ್ಡರ್ ಸೇರಿಸಿ, 'ಶೇರಿಂಗ್' ಭಾಗದಲ್ಲಿ ಯಾವ ಸಾಧನಗಳೊಂದಿಗೆ ಎಂದು ಗುರುತು ಮಾಡಿ. ಎದುರಿನ ಸಾಧನದಲ್ಲಿ ಒಪ್ಪಿಗೆ ಕೊಡುವಾಗ ಎರಡು ವಿಷಯಗಳನ್ನು ನೋಡಿಕೊಳ್ಳಬೇಕು. ಕಡತಗಳು ಎಲ್ಲಿ ಬಂದು ಬೀಳಬೇಕೆಂಬ ದಾರಿಯನ್ನು ನೀವೇ ಆರಿಸಿ. ಕಾಗದದ ಮೇಲೆ ಬರೆದ ಪಾತ್ರವನ್ನು 'ಅಡ್ವಾನ್ಸ್ಡ್' ಭಾಗದಲ್ಲಿ ಅಲ್ಲಿಯೇ ನಿಗದಿಪಡಿಸಿ. ಪಾತ್ರವನ್ನು ಮುಂದೆಂದಾದರೂ ಬದಲಿಸಿದರಾಯಿತು ಎಂದು ಬಿಟ್ಟರೆ, ಅಷ್ಟರಲ್ಲಿ ಯಾರೋ ಅಳಿಸಿದ ಫೋಟೊ ಎಲ್ಲ ಕಡೆಯೂ ಅಳಿದಿರುತ್ತದೆ.

ಮೊದಲ ಸಿಂಕ್ ಅನ್ನು ಮನೆಯಲ್ಲೇ ಮುಗಿಸಿಕೊಳ್ಳುವುದು ಜಾಣತನ.  ಊರಿಗೆ ಹೋಗುವಾಗ ಹಳೆಯ ಲ್ಯಾಪ್‌ಟಾಪನ್ನು ಕಾರಿನಲ್ಲಿಟ್ಟುಕೊಂಡು ಹೋಗುವುದು ದೊಡ್ಡ ಮಾತಲ್ಲ. ಸೆಕೆಂಡಿಗೆ 10 ಮೆಗಾಬಿಟ್ ಅಪ್‌ಲೋಡ್ ಇರುವ ಸಂಪರ್ಕದಲ್ಲಿ 10 ಗಿಗಾಬೈಟ್ ಕಳಿಸಲು ತಡೆಯಿಲ್ಲದೆ ಹೋದರೂ ಎರಡು ಗಂಟೆಗಿಂತ ಹೆಚ್ಚು ಬೇಕು. ಒಂದೇ ರೂಟರಿಗೆ ಎರಡೂ ಯಂತ್ರಗಳನ್ನು ತಂತಿಯಿಂದ ಜೋಡಿಸಿದರೆ ಅದು ನಿಮಿಷಗಳ ಕೆಲಸ. ಯಂತ್ರವನ್ನು ಒಯ್ಯಲಾಗದಿದ್ದರೆ ಹೊರಗಿನ ಡಿಸ್ಕಿನಲ್ಲಿ ಕಡತಗಳನ್ನು ಒಯ್ದು ಎದುರಿನ ಫೋಲ್ಡರ್‌ಗೆ ನಕಲಿಸಿ, ಆಮೇಲೆ ಹಂಚಿಕೆ ಆರಂಭಿಸಿ. ಸಿಂಕ್‌ಥಿಂಗ್ ಪ್ರತಿ ಕಡತವನ್ನೂ ತುಣುಕುಗಳಾಗಿ ವಿಂಗಡಿಸಿ, ಪ್ರತಿ ತುಣುಕಿನ ಗುರುತುಸಂಖ್ಯೆಯನ್ನು ಹೋಲಿಸುತ್ತದೆ. ಆಗಲೇ ಇರುವ ತುಣುಕುಗಳನ್ನು ಮತ್ತೆ ತರಿಸಿಕೊಳ್ಳುವುದಿಲ್ಲ.

ಸಂಪರ್ಕ ಸಿಗದಿದ್ದಾಗ

ಒಂದೇ ವೈಫೈನಲ್ಲಿರುವ ಸಾಧನಗಳು 21027 ಪೋರ್ಟಿನ ಮೂಲಕ ಒಂದನ್ನೊಂದು ಕೂಗಿ ಹುಡುಕಿಕೊಳ್ಳುತ್ತವೆ, 22000 ಪೋರ್ಟಿನಲ್ಲಿ ಕಡತ ವಿನಿಮಯ ನಡೆಸುತ್ತವೆ. ಹಾಗೆ ನಡೆಯದಿದ್ದರೆ ಮೊದಲು ಒಂದು ಸಾಧನ ಗೆಸ್ಟ್ ವೈಫೈನಲ್ಲಿದೆಯೇ ಎಂದು ನೋಡಿ. ಆಮೇಲೆ ಮನೆಯಲ್ಲಿ ಫೈಬರ್ ಕಂಪನಿಯವರ ಪೆಟ್ಟಿಗೆಯೊಂದು, ನೀವೇ ತಂದ ರೂಟರೊಂದು ಹೀಗೆ ಎರಡು ಬೇರೆ ಜಾಲಗಳು ಆಗಿವೆಯೇ ಎಂದು ಪರೀಕ್ಷಿಸಿ.

ಮೈಸೂರಿನಿಂದ ಊರಿಗೆ ಸಂಪರ್ಕವಾಗುವುದು ಬೇರೆ ರೀತಿ. ಭಾರತದ ಮೊಬೈಲ್ ಮತ್ತು ಬ್ರಾಡ್‌ಬ್ಯಾಂಡ್ ಸಂಪರ್ಕಗಳಲ್ಲಿ ಬಹಳಷ್ಟು, ಅನೇಕ ಗ್ರಾಹಕರಿಗೆ ಒಂದೇ ಹೊರವಿಳಾಸವನ್ನು ಹಂಚಿ ಕೊಡುವಂಥವು. ಅಲ್ಲಿ ಹೊರಗಿನಿಂದ ನೇರವಾಗಿ ನಿಮ್ಮ ಮನೆಯ ಯಂತ್ರವನ್ನು ತಟ್ಟಲು ಆಗದು. ಸಿಂಕ್‌ಥಿಂಗ್ ಮೊದಲು ತನ್ನ ಪತ್ತೆ ಸರ್ವರ್‌ಗಳ ನೆರವಿನಿಂದ ಎದುರಿನ ವಿಳಾಸ ಕಂಡುಕೊಂಡು ನೇರ ದಾರಿ ಹುಡುಕುತ್ತದೆ. ಎರಡೂ ಕಡೆ ಐಪಿವಿ6 ಎಂಬ ಹೊಸ ಬಗೆಯ ವಿಳಾಸ ಇದ್ದರೆ ಸಾಧ್ಯತೆ ಹೆಚ್ಚು. ದಾರಿ ಸಿಗದಿದ್ದರೆ ಸ್ವಯಂಸೇವಕರು ನಡೆಸುವ ರಿಲೇ ಸರ್ವರ್‌ಗಳ ಮೂಲಕ ಕಡತ ಸಾಗುತ್ತದೆ. ರಿಲೇ ನಿಧಾನ, ಆದರೆ ತುದಿಯಿಂದ ತುದಿಗೆ ಗೂಢಲಿಪೀಕರಣ ಇರುವುದರಿಂದ ರಿಲೇ ನಡೆಸುವವರು ಒಳಗಿನದನ್ನು ಓದಲಾರರು. ಸಾಧನದ ವಿವರದಲ್ಲಿ ಸಂಪರ್ಕದ ಬಗೆ 'ರಿಲೇ' ಎಂದು ಕಂಡರೆ ಗಾಬರಿ ಬೇಡ. ಕಾಗದಪತ್ರಗಳಿಗೆ ಆ ವೇಗ ಧಾರಾಳ ಸಾಕು, ವಿಡಿಯೊಗಳಿಗೆ ಮಾತ್ರ ಸಾಲದು.

ಅಳಿಸಿದ್ದು ಎಲ್ಲಿಗೆ ಹೋಗುತ್ತದೆ

ಇಡೀ ಏರ್ಪಾಟಿನಲ್ಲಿ ಅತಿ ಹೆಚ್ಚು ತಪ್ಪು ತಿಳಿವಳಿಕೆ ಇರುವುದು ಇಲ್ಲಿ. ಸಿಂಕ್ ಬ್ಯಾಕಪ್ ಅಲ್ಲ. ಊರಿನಲ್ಲಿ ಕ್ರಯಪತ್ರದ ಕಡತ ಕೈತಪ್ಪಿ ಅಳಿದರೆ, ಆ ಅಳಿಸುವಿಕೆಯೂ ಅಷ್ಟೇ ನಿಷ್ಠೆಯಿಂದ ಮೈಸೂರಿಗೆ ಬರುತ್ತದೆ. 'ಸೆಂಡ್ ಓನ್ಲಿ' ಇಟ್ಟ ಮಾತ್ರಕ್ಕೆ ಇದು ತಪ್ಪುವುದಿಲ್ಲ. ಫೋನ್‌ನಲ್ಲಿ ಜಾಗ ಮಾಡಲೆಂದು ಫೋಟೊ ಅಳಿಸಿದರೆ ಆ ಬದಲಾವಣೆಯೂ ಕಳಿಸಲ್ಪಡುತ್ತದೆ.

ಇದಕ್ಕೆ ಉತ್ತರ 'ಫೈಲ್ ವರ್ಷನಿಂಗ್'. ಆದರೆ ಅದನ್ನು ಎಲ್ಲಿ ಚಾಲೂ ಮಾಡಬೇಕೆಂಬುದು ಮುಖ್ಯ. ಒಂದು ಸಾಧನದಲ್ಲಿ ವರ್ಷನಿಂಗ್ ಇದ್ದರೆ, ಬೇರೆ ಸಾಧನದಿಂದ ಬಂದ ಬದಲಾವಣೆ ಇಲ್ಲಿಯ ಕಡತವನ್ನು ಅಳಿಸುವ ಅಥವಾ ಬದಲಿಸುವ ಮುನ್ನ ಹಳೆಯದನ್ನು ಎತ್ತಿಡಲಾಗುತ್ತದೆ. ನೀವೇ ಕೂತು ಅದೇ ಸಾಧನದಲ್ಲಿ ಅಳಿಸಿದ್ದನ್ನು ಅದು ಎತ್ತಿಡುವುದಿಲ್ಲ. ಆದ್ದರಿಂದ ಯಾರೂ ಕೈಯಿಟ್ಟು ಕೆಲಸ ಮಾಡದ, ಸದಾ ಓಡುವ ಯಂತ್ರದಲ್ಲಿ ವರ್ಷನಿಂಗ್ ಇರಬೇಕು. ಕಾಗದಪತ್ರಗಳ ಫೋಲ್ಡರ್‌ಗೆ 'ಸ್ಟ್ಯಾಗರ್ಡ್' ಬಗೆಯನ್ನು ಆರಿಸಿ: ಮೊದಲ ಒಂದು ಗಂಟೆಯವರೆಗೆ 30 ಸೆಕೆಂಡಿಗೊಂದು, ಮೊದಲ ದಿನಕ್ಕೆ ಗಂಟೆಗೊಂದು, 30 ದಿನಗಳವರೆಗೆ ದಿನಕ್ಕೊಂದು, ಆಮೇಲೆ ನೀವು ನಿಗದಿಪಡಿಸಿದ ಗರಿಷ್ಠ ಅವಧಿಯವರೆಗೆ ವಾರಕ್ಕೊಂದು ಹಳೆಯ ಪ್ರತಿ ಉಳಿಯುತ್ತದೆ. ಆ ಅವಧಿ ಮೂಲತಃ 365 ದಿನ. ಫೋಟೊಗಳಿಗೆ 'ಟ್ರ್ಯಾಶ್ ಕ್ಯಾನ್' ಬಗೆ ಸಾಕು. ಅದರಲ್ಲಿ ದಿನಗಳ ಸಂಖ್ಯೆಯನ್ನು 0 ಎಂದು ಇಟ್ಟರೆ ಎತ್ತಿಟ್ಟದ್ದು ತಾನಾಗಿ ಖಾಲಿಯಾಗುವುದಿಲ್ಲ. ಮನೆಯವರಿಗೆ ಇದನ್ನು ತೋರಿಸಿಕೊಡಲು, ಬೇಡದ ಕಡತವೊಂದನ್ನು ಬೇಕೆಂದೇ ಅಳಿಸಿ, ಫೋಲ್ಡರ್ ವಿವರದಲ್ಲಿರುವ 'ವರ್ಷನ್ಸ್' ಗುಂಡಿಯಿಂದ ಮರಳಿ ತಂದು ನೋಡಿ.

ಇಷ್ಟಾದರೂ ತಿಂಗಳಿಗೊಮ್ಮೆ ಹೊರಗಿನ ಡಿಸ್ಕಿಗೆ ಪ್ರತ್ಯೇಕ ನಕಲು ಮಾಡಿ, ಡಿಸ್ಕನ್ನು ಕಳಚಿ ಇಡಬೇಕು. ಕಡತಗಳನ್ನು ಹಾಳುಮಾಡುವ ವೈರಸ್ ಒಂದು ಯಂತ್ರಕ್ಕೆ ಬಂದರೆ ಅದರ ಕೆಲಸವನ್ನೂ ಸಿಂಕ್ ಎಲ್ಲೆಡೆ ಹರಡುತ್ತದೆ.

ಹೊರಗಿನ ಡಿಸ್ಕಿನಲ್ಲೇ ಸಿಂಕ್ ಫೋಲ್ಡರ್ ಇಟ್ಟವರಿಗೆ ಇನ್ನೊಂದು ಮಾತು. ಪ್ರತಿ ಫೋಲ್ಡರ್‌ನಲ್ಲೂ ಸಿಂಕ್‌ಥಿಂಗ್ ಒಂದು ಗುಪ್ತ ಗುರುತನ್ನು ಇಟ್ಟಿರುತ್ತದೆ. ಡಿಸ್ಕ್ ಕಳಚಿಹೋದಾಗ ಆ ಗುರುತು ಕಾಣದೆ, ಕಡತಗಳೆಲ್ಲ ಅಳಿದವೆಂದು ಭಾವಿಸದೆ, ದೋಷ ತೋರಿಸಿ ನಿಲ್ಲುತ್ತದೆ. ಆ ದೋಷ ಕಂಡಾಗ ಡಿಸ್ಕನ್ನು ಜೋಡಿಸಬೇಕೇ ಹೊರತು, ಖಾಲಿ ಫೋಲ್ಡರಿನಲ್ಲಿ ಆ ಗುರುತನ್ನು ಕೈಯಾರೆ ಸೃಷ್ಟಿಸಬಾರದು. ಹಾಗೆ ಮಾಡಿದರೆ ಖಾಲಿತನವೇ ಎಲ್ಲ ಕಡೆ ಸಿಂಕ್ ಆದೀತು.

ಕನ್ನಡದ ಕಡತ ಹೆಸರುಗಳು

ಕನ್ನಡದಲ್ಲಿ ಹೆಸರಿಟ್ಟ ಕಡತಗಳನ್ನು ಸಿಂಕ್‌ಥಿಂಗ್ ಚೆನ್ನಾಗಿಯೇ ನಿಭಾಯಿಸುತ್ತದೆ, ಆದರೆ ಮೂರು ಮಿತಿಗಳನ್ನು ತಿಳಿದಿರಬೇಕು. ಲಿನಕ್ಸ್ ಮತ್ತು ಆ್ಯಂಡ್ರಾಯ್ಡ್‌ನಲ್ಲಿ ಕಡತದ ಹೆಸರು ಸಾಮಾನ್ಯವಾಗಿ 255 ಬೈಟ್ ಮೀರುವಂತಿಲ್ಲ. ಯೂನಿಕೋಡ್‌ನ ಯುಟಿಎಫ್-8 ರೂಪದಲ್ಲಿ ಕನ್ನಡದ ಪ್ರತಿ ಅಕ್ಷರಚಿಹ್ನೆಗೂ ಮೂರು ಬೈಟ್ ಬೇಕು. ಸ್ವರಚಿಹ್ನೆ, ಅನುಸ್ವಾರ, ಒತ್ತಕ್ಷರ ತರುವ ವಿರಾಮ ಇವೆಲ್ಲ ಬೇರೆ ಬೇರೆಯಾಗಿ ಎಣಿಕೆಗೆ ಬರುತ್ತವೆ. 'ಮಂಡ್ಯ' ಎಂಬುದಕ್ಕೆ ಐದು ಚಿಹ್ನೆ, ಅಂದರೆ 15 ಬೈಟ್. 'ಮೈಸೂರು' ಎಂಬುದಕ್ಕೆ ಆರು ಚಿಹ್ನೆ, 18 ಬೈಟ್. ಹೀಗೆ ಹೆಸರಿನಲ್ಲಿ ಒಟ್ಟು 85 ಚಿಹ್ನೆ ತುಂಬುವಷ್ಟರಲ್ಲಿ ಮಿತಿ ಮುಗಿಯುತ್ತದೆ. ವಿಂಡೋಸ್‌ನ ಎಣಿಕೆ ಬೇರೆಯಾದ್ದರಿಂದ ಅಲ್ಲಿ ಇದಕ್ಕಿಂತ ಉದ್ದದ ಹೆಸರೂ ನಡೆಯುತ್ತದೆ. ಊರಿನ ಕಂಪ್ಯೂಟರಿನಲ್ಲಿ ಜಮೀನಿನ ಇಡೀ ವಿವರವನ್ನೇ ಹೆಸರಾಗಿ ಕೊಟ್ಟ ಸ್ಕ್ಯಾನ್ ಪ್ರತಿಯೊಂದು ಫೋನ್‌ಗೆ ಮಾತ್ರ ಬಾರದೆ, 'ಔಟ್ ಆಫ್ ಸಿಂಕ್' ಎಂದು ತೋರಿಸುತ್ತಿದ್ದರೆ ಕಾರಣವನ್ನು ಇಲ್ಲಿ ಹುಡುಕಿ.

ಎರಡನೆಯದು ವಿರುದ್ಧ ದಿಕ್ಕಿನದು: ಲಿನಕ್ಸ್ ಒಪ್ಪುವ ಅಪೂರ್ಣವಿರಾಮ (:), ಪ್ರಶ್ನಾರ್ಥಕ ಚಿಹ್ನೆ, ಜೋಡಿ ಉದ್ಧರಣ ಚಿಹ್ನೆಗಳನ್ನು (") ವಿಂಡೋಸ್ ಕಡತದ ಹೆಸರಿನಲ್ಲಿ ಒಪ್ಪುವುದಿಲ್ಲ. ಸರ್ವೆ ನಂಬರಿನ ಓರೆಗೆರೆಯನ್ನಂತೂ ಎರಡೂ ಒಪ್ಪುವುದಿಲ್ಲ. 45/2 ಎಂಬುದನ್ನು 45-2 ಎಂದು ಬರೆಯುವ ಪದ್ಧತಿಯನ್ನು ಮನೆಯವರೆಲ್ಲ ರೂಢಿಸಿಕೊಳ್ಳುವುದು ಒಳ್ಳೆಯದು. ಮೂರನೆಯದು ಕಣ್ಣಿಗೆ ಕಾಣದ್ದು. 'ಕೋ', 'ಕೀ' ಮುಂತಾದವುಗಳ ಸ್ವರಚಿಹ್ನೆಯನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬಿಡಿಸಿಟ್ಟ ಎರಡು ಮೂರು ಸಂಕೇತಗಳಾಗಿಯೂ ಬರೆಯಬಹುದು, ಪರದೆಯ ಮೇಲೆ ಎರಡೂ ಒಂದೇ ತೆರ ಕಾಣುತ್ತವೆ. ಮ್ಯಾಕ್‌ನ ಹಳೆಯ ಕಡತ ವ್ಯವಸ್ಥೆ ಬಿಡಿಸಿಟ್ಟ ರೂಪವನ್ನು ಬಳಸುತ್ತಿತ್ತು. ಸಿಂಕ್‌ಥಿಂಗ್‌ನ ಮೂಲ ಸೆಟ್ಟಿಂಗ್ ಇಂತಹ ಹೆಸರುಗಳನ್ನು ತಾನೇ ಸರಿಪಡಿಸಿಕೊಳ್ಳುತ್ತದೆ. ಆ ಸೆಟ್ಟಿಂಗನ್ನು ಮುಟ್ಟದಿದ್ದರೆ ಆಯಿತು.

ತಕರಾರು ಕಡತಗಳು, ಹೊರಗಿಡಬೇಕಾದವು

ಸಂಪರ್ಕವಿಲ್ಲದಾಗ ಇಬ್ಬರೂ ಒಂದೇ ಕಡತವನ್ನು ತಿದ್ದಿದ್ದರೆ, ಮತ್ತೆ ಸೇರಿದಾಗ ಹಳೆಯ ಸಮಯದ ಪ್ರತಿಯ ಹೆಸರಿಗೆ 'ಸಿಂಕ್-ಕಾನ್‌ಫ್ಲಿಕ್ಟ್' ಎಂಬುದೂ ದಿನಾಂಕವೂ ಸೇರಿಕೊಂಡು ಎರಡೂ ಉಳಿಯುತ್ತವೆ. ಯಾವುದು ಬೇಕೆಂದು ನೋಡಿ, ಇನ್ನೊಂದನ್ನು ನೀವೇ ಅಳಿಸಬೇಕು. ಮನೆಯ ಲೆಕ್ಕದ ಎಕ್ಸೆಲ್ ಹಾಳೆಯನ್ನು ಇಬ್ಬರು ತಿದ್ದುವ ರೂಢಿಯಿದ್ದರೆ, ತಿಂಗಳಿಗೊಂದು ಕಡತ ಮಾಡಿಕೊಂಡರೆ ಈ ತಕರಾರು ಬಹಳ ಕಡಿಮೆಯಾಗುತ್ತದೆ.

ಕೆಲವನ್ನು ಸಿಂಕ್ ಮಾಡಲೇಬಾರದು. ಅಂಗಡಿಯ ಟ್ಯಾಲಿ ಡೇಟಾ ಫೋಲ್ಡರ್, ಔಟ್‌ಲುಕ್‌ನ ಅಂಚೆ ಕಡತ, ಬ್ರೌಸರ್ ಪ್ರೊಫೈಲ್ ಮುಂತಾದವು ಬಳಕೆಯಲ್ಲಿರುವಾಗ ಕ್ಷಣಕ್ಷಣಕ್ಕೂ ಬದಲಾಗುವ ದತ್ತಸಂಚಯಗಳು. ಅರ್ಧ ಬರೆದ ಸ್ಥಿತಿಯಲ್ಲಿ ಅವು ಇನ್ನೊಂದು ಯಂತ್ರಕ್ಕೆ ಹೋದರೆ ತೆರೆಯುವುದೇ ಇಲ್ಲ. ಟ್ಯಾಲಿಯಿಂದ ಬ್ಯಾಕಪ್ ತೆಗೆದು ಆ ಬ್ಯಾಕಪ್ ಕಡತವನ್ನು ಸಿಂಕ್ ಮಾಡಿ. ಹಾಗೆಯೇ ಒನ್‌ಡ್ರೈವ್ ನೋಡಿಕೊಳ್ಳುತ್ತಿರುವ ಫೋಲ್ಡರನ್ನು ಸಿಂಕ್‌ಥಿಂಗ್‌ಗೂ ಒಪ್ಪಿಸಬೇಡಿ. ಫೋನ್‌ನ ಥಂಬ್‌ನೇಲ್ ಕಡತಗಳಂತಹ ಕಸವನ್ನು ಫೋಲ್ಡರ್ ಸೆಟ್ಟಿಂಗ್‌ನ 'ಇಗ್ನೋರ್ ಪ್ಯಾಟರ್ನ್ಸ್' ಭಾಗದಲ್ಲಿ ಹೆಸರಿಸಿ ಹೊರಗಿಡಬಹುದು. ಈ ಪಟ್ಟಿ ಸಾಧನದಿಂದ ಸಾಧನಕ್ಕೆ ತಾನಾಗಿ ಹೋಗುವುದಿಲ್ಲವಾದ್ದರಿಂದ ಪ್ರತಿ ಕಡೆಯೂ ಬರೆಯಬೇಕು.

ಬೇರೆಯವರ ಮನೆಯಲ್ಲಿ ಒಂದು ಪ್ರತಿ ಇಡಬೇಕಾದರೆ

ಮಂಡ್ಯದಲ್ಲಿರುವ ಸ್ನೇಹಿತರ ಮನೆಯ ಯಂತ್ರದಲ್ಲಿ ನಿಮ್ಮ ಕಾಗದಗಳ ಪ್ರತಿಯೊಂದು ಇರಲಿ, ಆದರೆ ಅವರು ಓದಲಾಗದಂತಿರಲಿ ಎಂದರೆ ಅದಕ್ಕೂ ದಾರಿಯಿದೆ. ಹಂಚಿಕೊಳ್ಳುವಾಗ ಆ ಸಾಧನದ ಎದುರು ಪಾಸ್‌ವರ್ಡ್ ನೀಡಿದರೆ, ಅಲ್ಲಿ ಕಡತಗಳೂ ಅವುಗಳ ಹೆಸರುಗಳೂ ಗೂಢಲಿಪಿಯಲ್ಲೇ ಉಳಿಯುತ್ತವೆ. ಪಾಸ್‌ವರ್ಡ್ ಕಳೆದುಹೋದರೆ ಆ ಪ್ರತಿಯನ್ನು ಯಾರೂ ಬಿಡಿಸಲಾರರು; ಅದನ್ನು ಕಾಗದದಲ್ಲಿ ಬರೆದು ಮೂಲ ಕ್ರಯಪತ್ರಗಳ ಜೊತೆ ಇಡಿ.

ಸಾಧನ ಬದಲಾದಾಗ

ಹೊಸ ಫೋನ್ ಕೊಂಡಾಗ ಹಳೆಯದರ ಸಿಂಕ್‌ಥಿಂಗ್ ಸೆಟ್ಟಿಂಗ್‌ಗಳನ್ನು ಹಾಗೇ ನಕಲಿಸಿ, ಎರಡೂ ಫೋನ್‌ಗಳನ್ನು ಚಾಲೂ ಇಡಬೇಡಿ. ಒಂದೇ ಗುರುತಿನ ಎರಡು ಸಾಧನಗಳು ಜಾಲದಲ್ಲಿ ಗೊಂದಲ ಹುಟ್ಟಿಸುತ್ತವೆ. ಹೊಸದರಲ್ಲಿ ಹೊಸ ಗುರುತು ಸೃಷ್ಟಿಯಾಗಲಿ, ಅದನ್ನು ಸೇರಿಸಿ, ಹಳೆಯದನ್ನು ಎಲ್ಲ ಯಂತ್ರಗಳಿಂದ ತೆಗೆಯಿರಿ. ಫೋನ್ ಕಳೆದುಹೋದರೂ ಇದೇ ಕ್ರಮ: ತೆಗೆದ ಮೇಲೆ ಹೊಸ ಕಡತಗಳು ಅದಕ್ಕೆ ಹೋಗುವುದಿಲ್ಲ, ಆದರೆ ಆಗಲೇ ಅದರಲ್ಲಿರುವುದನ್ನು ಸಿಂಕ್‌ಥಿಂಗ್ ದೂರದಿಂದ ಅಳಿಸಲಾರದು. ಪರದೆಯ ಲಾಕ್ ಇಲ್ಲದ ಫೋನ್‌ಗೆ ಆಸ್ತಿಯ ಕಾಗದಗಳ ಫೋಲ್ಡರನ್ನು ಕೊಡದಿರುವುದೇ ಒಳ್ಳೆಯದು.

ಹಳೆಯ 1.x ಆವೃತ್ತಿಯಿಂದ 2.0ಕ್ಕೆ ಏರುವವರು ಮೊದಲ ಬಾರಿ ಓಡಿಸಿದಾಗ ತಾಳ್ಮೆಯಿಂದ ಕಾಯಬೇಕು. ಒಳಗಿನ ದತ್ತಸಂಚಯ ಎಸ್‌ಕ್ಯುಲೈಟ್‌ಗೆ ಬದಲಾಗಿರುವುದರಿಂದ, ಲಕ್ಷಗಟ್ಟಲೆ ಕಡತಗಳಿರುವ ಹಳೆಯ ಲ್ಯಾಪ್‌ಟಾಪಿನಲ್ಲಿ ಆ ಪರಿವರ್ತನೆಗೆ ಬಹಳ ಹೊತ್ತು ಹಿಡಿಯಬಹುದು, ನಡುವೆ ಆರಿಸಬಾರದು. ಅಳಿಸಿದ ಕಡತಗಳ ದಾಖಲೆಯನ್ನು ಹೊಸ ಆವೃತ್ತಿ ಶಾಶ್ವತವಾಗಿ ಇಟ್ಟುಕೊಳ್ಳುವುದಿಲ್ಲ. ಬೀರುವಿನಲ್ಲಿ ವರ್ಷಗಟ್ಟಲೆ ಬಿದ್ದಿದ್ದ ಕಂಪ್ಯೂಟರನ್ನು ಮತ್ತೆ ಹಚ್ಚಿದರೆ, ಎಂದೋ ಅಳಿಸಿದ ಕಡತಗಳು ಅದರಿಂದ ಮರಳಿ ಎಲ್ಲೆಡೆ ಬರಬಹುದು. ಅಂಥದ್ದರಿಂದ ಹಳೆಯ ಫೋಲ್ಡರನ್ನು ತೆಗೆದುಹಾಕಿ, ಖಾಲಿ ಜಾಗಕ್ಕೆ ಹೊಸದಾಗಿ ಹಂಚಿಕೆ ಪಡೆಯಿರಿ.